ಎಲ್ಲರದೂ ಆದ ಮೇಲೆ ಉಣ್ಣುವವರು

ಹೆಣ್ಣುಮಗಳೊಬ್ಬಳು ಚಿಕಿತ್ಸೆಗೆಂದು ಬಂದು ಎದುರು ಕುಳಿತಾಗ, ನಾಡಿ ಹಿಡಿಯುವುದಕ್ಕೆ ಮೊದಲೇ ನಾನು ಕೇಳುವ ಪ್ರಶ್ನೆಯೊಂದಿದೆ. "ತಾಯಿ, ನಿನ್ನೆ ರಾತ್ರಿ ಎಷ್ಟು ಗಂಟೆಗೆ ಊಟ ಮಾಡಿದಿರಿ?" ಏನು ಉಂಡಿರಿ ಎಂಬುದು ಆಮೇಲಿನ ಮಾತು. ಇದೇ ಪ್ರಶ್ನೆಗೆ ಗಂಡಸರು ಗಡಿಯಾರ ನೋಡಿದವರಂತೆ ಎಂಟು, ಎಂಟೂವರೆ, ಒಂಬತ್ತು ಎಂದು ಉತ್ತರ ಕೊಡುತ್ತಾರೆ. ತಾಯಂದಿರ ಉತ್ತರದಲ್ಲಿ ಗಂಟೆ ಇರುವುದಿಲ್ಲ. "ಎಲ್ಲಾರದೂ ಆದಮ್ಯಾಲೆ ಉಣ್ತೀನ್ರಿ" ಎನ್ನುತ್ತಾರೆ. 38 ವರ್ಷಗಳ ವೃತ್ತಿಯಲ್ಲಿ ಈ ವಾಕ್ಯವನ್ನು ಕೇಳಿದಷ್ಟು ಬಾರಿ ಬೇರಾವ ವಾಕ್ಯವನ್ನೂ ನಾನು ಕೇಳಿಲ್ಲ. ಹೊಲದ ಕೆಲಸಕ್ಕೆ ಹೋಗುವವರೂ, ಶಾಲೆಯಲ್ಲಿ ಪಾಠ ಹೇಳುವವರೂ, ಬ್ಯಾಂಕಿನಲ್ಲಿ ಲೆಕ್ಕ ನೋಡುವವರೂ ಇದನ್ನೇ ಹೇಳುತ್ತಾರೆ. ಹೇಳುವಾಗ ಮುಖದಲ್ಲಿ ದೂರಿನ ಛಾಯೆಯೂ ಇರುವುದಿಲ್ಲ. ಲೋಕಸಹಜವಾದ ಸಂಗತಿಯನ್ನು ಈ ವೈದ್ಯರು ಏಕೆ ಕೇಳುತ್ತಿದ್ದಾರೆ ಎಂಬ ಸಣ್ಣ ಸೋಜಿಗ ಮಾತ್ರ ಇರುತ್ತದೆ.

ಆರೋಗ್ಯ ವಿಭಾಗದ ಪುಟಗಳಲ್ಲಿ ಕಷಾಯ, ಚೂರ್ಣ, ಮನೆಮದ್ದುಗಳ ಕುರಿತು ಬರೆಯುವುದು ರೂಢಿ. ಈ ಸಲ ಅದನ್ನು ಬದಿಗಿಟ್ಟು, ನಮ್ಮ ಮನೆಗಳಲ್ಲಿ ಯಾರು ಯಾವಾಗ ಉಣ್ಣುತ್ತಾರೆ ಎಂಬ ಒಂದೇ ಸಂಗತಿಯನ್ನು ಸದ್ಭಕ್ತರ ಮುಂದೆ ಇಡಬಯಸುತ್ತೇನೆ. ಇದು ಸಣ್ಣ ವಿಷಯವೆಂದು ಕೆಲವರಿಗೆ ತೋರಬಹುದು. ನನ್ನ ಬಳಿಗೆ ಬರುವ ತಾಯಂದಿರ ರೋಗಗಳಲ್ಲಿ ಎಷ್ಟೋ ಇದೇ ಬೇರಿನಿಂದ ಹುಟ್ಟಿವೆ ಎಂಬುದನ್ನು ಕಂಡವನಾದ್ದರಿಂದ ನನಗೆ ಹಾಗೆ ತೋರುವುದಿಲ್ಲ.

ಒಣಬೇಸಾಯದ ಮನೆಯೊಂದರ ಸೊಸೆಯ ದಿನಚರಿಯನ್ನು ಆಕೆಯ ಬಾಯಿಂದಲೇ ಕೇಳಿ ಒಮ್ಮೆ ಬರೆದಿಟ್ಟುಕೊಂಡಿದ್ದೆ. ವಯಸ್ಸು 42. ನಸುಕಿನ ನಾಲ್ಕೂವರೆಗೆ ಏಳುವುದು. ಅಂಗಳದ ಕಸ, ದನದ ಕೊಟ್ಟಿಗೆ, ನೀರು. ಒಂದು ಲೋಟ ಚಹಾ. ಸ್ನಾನ, ಲಿಂಗಪೂಜೆ. ಬಳಿಕ ಒಲೆಯ ಮುಂದೆ ಕುಳಿತು ಇಪ್ಪತ್ತೈದು ರೊಟ್ಟಿ, ಒಂದು ಕಾಳುಪಲ್ಯ. ಮಕ್ಕಳಿಗೆ ಡಬ್ಬಿ, ಗಂಡನಿಗೂ ಆಳುಗಳಿಗೂ ಬುತ್ತಿ. ಮತ್ತೊಂದು ಲೋಟ ಚಹಾ. ಒಂಬತ್ತಕ್ಕೆ ಹೊಲದಲ್ಲಿ ಕಳೆ ತೆಗೆಯಲು ಹೋದರೆ ಹನ್ನೆರಡೂವರೆಗೆ ಬೇವಿನ ಮರದ ಕೆಳಗೆ ಒಂದೂವರೆ ರೊಟ್ಟಿ, ಅದೇ ದಿನದ ಮೊದಲ ಅನ್ನಾಹಾರ. ನಾಲ್ಕಕ್ಕೆ ಮತ್ತೆ ಚಹಾ. ಸಂಜೆ ಏಳಕ್ಕೆ ಮತ್ತೆ ಒಲೆ. ಮಕ್ಕಳು ಎಂಟಕ್ಕೆ ಉಣ್ಣುತ್ತಾರೆ, ಗಂಡ ಮತ್ತು ಮೈದುನ ಟಿ.ವಿ. ನೋಡುತ್ತ ಒಂಬತ್ತಕ್ಕೆ, ಬಳಿಕ ಅತ್ತೆ. ಈಕೆಯ ಸರದಿ ಬರುವಾಗ ಹತ್ತೂ ಕಾಲು. ಆ ಹೊತ್ತಿಗೆ ಬುಟ್ಟಿಯಲ್ಲಿ ರೊಟ್ಟಿ ಇರುತ್ತದೆ, ಪಲ್ಯದ ಪಾತ್ರೆಯಲ್ಲಿ ಕಾಳು ಇರುವುದಿಲ್ಲ. ಮೊಸರು ತೀರಿರುತ್ತದೆ. ಉಳಿದ ತಿಳಿ, ಒಂದು ಚಿಟಿಕೆ ಕೆಂಪು ಚಟ್ನಿ, ಮಕ್ಕಳು ತಾಟಿನಲ್ಲಿ ಬಿಟ್ಟ ಅನ್ನ. ಪಾತ್ರೆ ತೊಳೆದು ಮಲಗುವಾಗ ಹನ್ನೊಂದು.

ಮಧ್ಯಾಹ್ನದ ಆ ಒಂದೂವರೆ ರೊಟ್ಟಿಗೂ ರಾತ್ರಿಯ ಊಟಕ್ಕೂ ನಡುವೆ ಹೆಚ್ಚು ಕಡಿಮೆ ಹತ್ತು ತಾಸು. ಅಷ್ಟು ಹೊತ್ತು ಹೊಟ್ಟೆಯಲ್ಲಿದ್ದುದು ಚಹಾ. ರಾತ್ರಿ ಉಂಡದ್ದು ಅರಗುವ ಮೊದಲೇ ಹಾಸಿಗೆ. ಈ ತಾಯಿ ನನ್ನ ಬಳಿಗೆ ಬಂದದ್ದು ಎದೆಯುರಿ, ಹುಳಿತೇಗು, ಕೈಕಾಲು ಸೆಳೆತ, ಮೆಟ್ಟಿಲು ಹತ್ತಿದರೆ ಏದುಸಿರು ಎಂದು. "ಪಿತ್ತ ಆಗೇತ್ರಿ, ಒಂದು ಗುಳಿಗಿ ಕೊಡ್ರಿ" ಎಂದು ಕೇಳಿದರು.

ಆಹಾರದ ವಿಷಯದಲ್ಲಿ ನಮ್ಮ ಶಾಸ್ತ್ರ ಎಷ್ಟು ಸೂಕ್ಷ್ಮವಾಗಿ ಯೋಚಿಸಿದೆ ಎಂಬುದನ್ನು ನೆನೆದರೆ ಈಗಲೂ ನನಗೆ ಬೆರಗಾಗುತ್ತದೆ. ಚರಕಸಂಹಿತೆಯ ವಿಮಾನಸ್ಥಾನದ ಮೊದಲನೆಯ ಅಧ್ಯಾಯದಲ್ಲಿ ಆಹಾರವನ್ನು ಎಂಟು ಅಂಶಗಳಿಂದ ಪರೀಕ್ಷಿಸಬೇಕೆಂದು ಹೇಳಿದೆ. ಪದಾರ್ಥದ ಸ್ವಭಾವ, ಅಡುಗೆಯ ಸಂಸ್ಕಾರ, ಒಂದರೊಡನೆ ಇನ್ನೊಂದರ ಸಂಯೋಗ, ಪ್ರಮಾಣ, ದೇಶ, ಕಾಲ, ಉಣ್ಣುವ ವಿಧಾನ, ಕೊನೆಯದಾಗಿ ಉಣ್ಣುವ ವ್ಯಕ್ತಿ. ಇಂದು ಆಹಾರದ ಮಾತು ಬಂದಾಗಲೆಲ್ಲ ನಾವು ಮೊದಲನೆಯ ಅಂಶವೊಂದನ್ನೇ ಹಿಡಿದು ನಿಲ್ಲುತ್ತೇವೆ. ಸಿರಿಧಾನ್ಯ ಒಳ್ಳೆಯದೋ, ಜೋಳ ಒಳ್ಳೆಯದೋ, ತುಪ್ಪ ತಿನ್ನಬಹುದೋ ಎಂಬ ಚರ್ಚೆಗೆ ಕೊನೆಯೇ ಇಲ್ಲ. ಕಾಲ, ವಿಧಾನ, ಉಣ್ಣುವ ವ್ಯಕ್ತಿ ಎಂಬ ಮೂರನ್ನು ಯಾರೂ ಕೇಳುವುದಿಲ್ಲ. ಬಿಸಿಯಾಗಿರುವಾಗ, ಮಿತವಾಗಿ, ಹಿಂದಿನ ಆಹಾರ ಜೀರ್ಣವಾದ ಮೇಲೆ, ಮನಸ್ಸಿಗೆ ಹಿತವಾದ ಸ್ಥಳದಲ್ಲಿ ಕುಳಿತು, ಅವಸರವಿಲ್ಲದೆ, ಊಟದ ಮೇಲೆ ಗಮನವಿಟ್ಟು ಉಣ್ಣಬೇಕೆಂಬುದು ಅಲ್ಲಿಯ ವಿಧಾನದ ತಾತ್ಪರ್ಯ. ಮೇಲೆ ಹೇಳಿದ ಸೊಸೆಯ ರಾತ್ರಿಯ ಊಟದಲ್ಲಿ ಇವುಗಳಲ್ಲಿ ಒಂದಾದರೂ ಇದೆಯೇ ನೋಡಿ.

ಹೊತ್ತಲ್ಲದ ಹೊತ್ತಿನಲ್ಲಿ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಉಣ್ಣುವುದನ್ನು ಆಯುರ್ವೇದ ವಿಷಮಾಶನ ಎನ್ನುತ್ತದೆ. ಶರೀರಕ್ಕೆ ಬೇಕಾದುದಕ್ಕಿಂತ ಕಡಿಮೆ ಉಣ್ಣುತ್ತ ಹೋಗುವುದು ಪ್ರಮಿತಾಶನ. ಇವೆರಡೂ ಅಗ್ನಿಯನ್ನು ಕೆಡಿಸಿ ವಾತವನ್ನು ಕೆರಳಿಸುತ್ತವೆ. ಒಲೆಗೆ ಹೋಲಿಸಿದರೆ ತಾಯಂದಿರಿಗೆ ಇದು ಬೇಗ ತಿಳಿಯುತ್ತದೆ. ಹೊತ್ತಿಗೆ ಸರಿಯಾಗಿ ಸೌದೆ ಹಾಕಿದ ಒಲೆ ಹದವಾಗಿ ಉರಿಯುತ್ತದೆ. ಹತ್ತು ತಾಸು ಏನೂ ಹಾಕದೆ ಬಿಟ್ಟು, ಕೆಂಡ ಬೂದಿಯಾದ ಮೇಲೆ ಒಮ್ಮೆಲೇ ಹಸಿ ಕಟ್ಟಿಗೆ ತುಂಬಿದರೆ ಹೊಗೆಯೇ ಹೊರತು ಉರಿಯಿಲ್ಲ. ಆ ಹೊಗೆಯನ್ನೇ ನಾವು ಎದೆಯುರಿ, ಹೊಟ್ಟೆಯುಬ್ಬರ ಎಂದು ಕರೆಯುತ್ತೇವೆ. ಉಂಡೊಡನೆ ಮಲಗಿದರೆ ಜಠರದ ಆಮ್ಲ ಅನ್ನನಾಳಕ್ಕೆ ಏರುತ್ತದೆಂದು ಆಧುನಿಕ ವೈದ್ಯರೂ ಹೇಳುತ್ತಾರೆ. ಒಂದೇ ಬಗೆಯ ಊಟವನ್ನು ಹಗಲಿನಲ್ಲಿ ಉಂಡಾಗಿನದಕ್ಕಿಂತ ರಾತ್ರಿ ತಡವಾಗಿ ಉಂಡಾಗ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ ಎಂಬುದನ್ನೂ ಅವರು ಕಂಡುಕೊಂಡಿದ್ದಾರೆ.

ಎದೆಯುರಿಗಿಂತ ಹೆಚ್ಚಿನ ಸಂಗತಿ ರಕ್ತಹೀನತೆಯದು. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ನಮ್ಮ ರಾಜ್ಯದಲ್ಲಿ ಅದು ಶೇ. 48ರ ಆಸುಪಾಸು. ಎರಡು ಮನೆಗಳಲ್ಲಿ ಒಂದು ಮನೆಯ ತಾಯಿ ಎಂದು ಲೆಕ್ಕ ಹಿಡಿಯಿರಿ. ಗರ್ಭಿಣಿಯಲ್ಲದ ಮಹಿಳೆಯ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ, ಗರ್ಭಿಣಿಯದು 11ಕ್ಕಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ಚರಕರು ಚಿಕಿತ್ಸಾಸ್ಥಾನದ ಹದಿನಾರನೆಯ ಅಧ್ಯಾಯವನ್ನು ಇದಕ್ಕೇ ಮೀಸಲಿಟ್ಟು ಪಾಂಡುರೋಗ ಎಂದು ಕರೆದಿದ್ದಾರೆ. ಮುಖ ಬಿಳಿಚುವುದು, ಎದೆ ಡವಗುಟ್ಟುವುದು, ಕಿವಿಯಲ್ಲಿ ಸದ್ದು, ದಣಿವು, ಸಿಡುಕು, ಅನ್ನದ ಮೇಲೆ ಅರುಚಿ ಎಲ್ಲವೂ ಅಲ್ಲಿವೆ. ಮಣ್ಣು ತಿನ್ನುವುದರಿಂದ ಬರುವ ಪಾಂಡುವನ್ನೂ ಅವರು ಬೇರೆಯಾಗಿ ಗುರುತಿಸಿದ್ದಾರೆ. ಹಸಿ ಅಕ್ಕಿ, ಸೀಮೆಸುಣ್ಣ, ಗೋಡೆಯ ಮಣ್ಣು ತಿನ್ನುವ ಚಪಲವನ್ನು ಕದ್ದುಮುಚ್ಚಿ ಹೇಳುವ ಸೊಸೆಯಂದಿರು ಇಂದಿಗೂ ನನ್ನ ಬಳಿಗೆ ಬರುತ್ತಾರೆ. ಅದು ಕೆಟ್ಟ ಚಟವಲ್ಲ, ರಕ್ತಹೀನತೆಯ ಒಂದು ಗುರುತು. ಅವರನ್ನು ನಗೆಪಾಟಲು ಮಾಡಬಾರದು.

ಇಲ್ಲಿ ಒಂದು ಅಂಕಿ ನನ್ನನ್ನು ಬಹಳ ಕಾಡಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ವಯಸ್ಕ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣಾಂಶ ಸಾಕು, ಹೆಂಗಸಿಗೆ 29 ಮಿಲಿಗ್ರಾಂ ಬೇಕು. ತಿಂಗಳು ತಿಂಗಳು ರಕ್ತ ಕಳೆದುಕೊಳ್ಳುವ ಶರೀರಕ್ಕೆ ಒಂದೂವರೆ ಪಟ್ಟು ಬೇಕು. ನಾವು ಸಸ್ಯಾಹಾರಿಗಳು. ನಮಗೆ ಕಬ್ಬಿಣಾಂಶ ಬರುವುದು ಕಾಳು, ಸೊಪ್ಪು, ಎಳ್ಳು, ಧಾನ್ಯಗಳಿಂದ. ಬಿ12 ಎಂಬ ಜೀವಸತ್ವ ಬರುವುದು ಹಾಲು, ಮೊಸರು, ಮಜ್ಜಿಗೆಯಿಂದ ಮಾತ್ರ. ಈಗ ಆ ಸೊಸೆಯ ರಾತ್ರಿಯ ತಾಟನ್ನು ಮತ್ತೊಮ್ಮೆ ನೋಡಿ. ಕಾಳು ಮೇಲಿನವರ ಪಾಲು, ಮೊಸರು ತೀರಿದೆ. ಹೆಚ್ಚು ಬೇಕಾದವಳಿಗೆ ಕಡಿಮೆಯಾದದ್ದು ಬಡತನದಿಂದಲ್ಲ. ಆ ಮನೆಯಲ್ಲಿ ಎರಡು ಎಮ್ಮೆಗಳಿದ್ದವು. ಉಣ್ಣುವ ಸರದಿಯಿಂದ ಆದದ್ದು ಅದು.

"ಉಣಿಸುವುದರಲ್ಲೇ ತಾಯಿಗೆ ಸಂತೋಷ, ಅದನ್ನೇಕೆ ರೋಗ ಮಾಡುತ್ತೀರಿ?" ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದರು. ಆ ಸಂತೋಷ ಸುಳ್ಳಲ್ಲ. ನನ್ನ ತಾಯಿಯವರೂ ಹಾಗೆಯೇ ಇದ್ದರು. ನಮ್ಮ ಮನೆಯಲ್ಲಿ ತಂದೆಯವರಿಗೆ ದೊಡ್ಡ ತಾಟು, ಅಜ್ಜನಿಗೆ ಕಾಲುಳ್ಳ ಕಂಚಿನ ತಾಟು, ನಾವು ಐದು ಮಕ್ಕಳಿಗೆ ಹೆಸರು ಕೆತ್ತಿಸಿದ ಐದು ಸ್ಟೀಲಿನ ತಾಟು. ತಾಯಿಗೆ ತನ್ನದೆಂಬ ತಾಟೇ ಇರಲಿಲ್ಲ. ನಮ್ಮಲ್ಲಿ ಯಾರು ಮೊದಲು ಕೈತೊಳೆದು ಎದ್ದರೋ ಅವರ ತಾಟನ್ನೇ ಎಳೆದುಕೊಂಡು, ಒಲೆಯ ಬದಿಗೆ, ಬಾಗಿಲಿಗೆ ಬೆನ್ನು ಮಾಡಿ ಕುಳಿತು ಉಣ್ಣುತ್ತಿದ್ದರು. ನಾವು ಬಿಟ್ಟ ತುತ್ತನ್ನು ಚೆಲ್ಲಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಪ್ರಸಾದವನ್ನು ಕೆಡಿಸಬಾರದು ಎಂಬುದು ನಮ್ಮ ಸಂಪ್ರದಾಯದ ದೊಡ್ಡ ಮೌಲ್ಯ. ತಾಟನ್ನು ತೊಳೆದು ಆ ನೀರನ್ನೂ ಕುಡಿಯುವ ಹಿರಿಯರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಆ ಮೌಲ್ಯದ ಭಾರವನ್ನೆಲ್ಲ ಒಬ್ಬಳ ಹೊಟ್ಟೆಯ ಮೇಲೆ ಹೊರಿಸಿ ಉಳಿದವರು ನಿಶ್ಚಿಂತರಾಗಿರುವುದು ಆ ಮೌಲ್ಯದ ಆಶಯವಲ್ಲ. ಕೆಡದಂತೆ ನೋಡಿಕೊಳ್ಳುವ ಜವಾಬ್ದಾರಿ ನೀಡಿಸಿಕೊಳ್ಳುವವನ ಕೈಯಲ್ಲಿದೆ. ಎರಡು ರೊಟ್ಟಿ ಉಣ್ಣುವವನು ಎರಡೇ ಹಾಕಿಸಿಕೊಂಡರೆ ಉಳಿದದ್ದನ್ನು ಉಣ್ಣುವ ಪ್ರಸಂಗವೇ ಬರದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಹೇಳಿದವರು ಅವರ ಪತ್ನಿ ಲಕ್ಕಮ್ಮನವರು. ಮನೆಯ ಅಳತೆಯನ್ನು ನಿರ್ಧರಿಸುವ ಮಾತು ಆ ದಾಂಪತ್ಯದಲ್ಲಿ ಆಕೆಯದಾಗಿತ್ತು ಎಂಬುದನ್ನು ನಾವು ಗಮನಿಸಬೇಕು.

ಇನ್ನು ಸಹಪಂಕ್ತಿಯ ವಿಷಯ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕುಲದ ಭೇದವಿಲ್ಲದೆ ಶರಣರು ಒಂದೇ ಸಾಲಿನಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದರೆಂಬುದನ್ನು ನಾವು ಪ್ರತಿ ಬಸವ ಜಯಂತಿಯಂದೂ ಹೆಮ್ಮೆಯಿಂದ ನೆನೆಯುತ್ತೇವೆ. ಮಠದ ದಾಸೋಹದಲ್ಲಿ ಇಂದಿಗೂ ಆ ಶಿಸ್ತು ಇದೆ. ಎಲ್ಲರ ತಾಟಿಗೂ ಬಡಿಸುವವರೆಗೆ ಯಾರೂ ತುತ್ತೆತ್ತುವುದಿಲ್ಲ. ಸಿದ್ಧಗಂಗೆಯಲ್ಲಿ ನಿತ್ಯ ಸುಮಾರು ಹತ್ತು ಸಾವಿರ ವಿದ್ಯಾರ್ಥಿಗಳು ಹೀಗೆ ಉಣ್ಣುತ್ತಾರೆ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಗಾಡಿಗಟ್ಟಲೆ ರೊಟ್ಟಿ ಬರುತ್ತವೆ, ಆ ರೊಟ್ಟಿ ಬಡಿದ ಕೈಗಳು ತಾಯಂದಿರವು. ಜಾತ್ರೆಯ ದಾಸೋಹದಲ್ಲಿ ಸೌಟು ಹಿಡಿದು ಓಡಾಡಿ ಬಡಿಸುವ ಗಂಡುಮಕ್ಕಳಿಗೆ ಮನೆಗೆ ಬಂದೊಡನೆ ಪಲ್ಯದ ಪಾತ್ರೆ ಎಲ್ಲಿದೆ ಎಂಬುದೂ ಮರೆತುಹೋಗುವುದು ಹೇಗೆ ಎಂದು ನಾನು ಕೆಲವೊಮ್ಮೆ ನಗುತ್ತ ಕೇಳುವುದುಂಟು. ಅವರೂ ನಗುತ್ತಾರೆ.

ಶಾಸ್ತ್ರಗಳೇ ಹೀಗೆ ಹೇಳಿವೆ ಎಂಬ ವಾದವೂ ಬರುತ್ತದೆ. ಅತಿಥಿಗಳು, ಮಕ್ಕಳು, ಹಿರಿಯರು, ಆಶ್ರಿತರು ತೃಪ್ತರಾದ ಮೇಲೆ ಉಣ್ಣಬೇಕೆಂದು ವಾಗ್ಭಟರು ಅಷ್ಟಾಂಗಹೃದಯದಲ್ಲಿ ಹೇಳಿರುವುದು ನಿಜ. ಆದರೆ ಆ ಮಾತು ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. ಮೊದಲು ತಾನು ಉಂಡು ಕೈತೊಳೆದ ಗೃಹಸ್ಥ ಆ ಶ್ಲೋಕವನ್ನು ಹೆಂಡತಿಗೆ ಬೋಧಿಸುವಂತಿಲ್ಲ.

ಆ ಮನೆಯ ಕಥೆಯನ್ನು ಮುಂದುವರಿಸುತ್ತೇನೆ. ಪರೀಕ್ಷೆ ಮಾಡಿಸಿದಾಗ ಆ ತಾಯಿಯ ಹಿಮೋಗ್ಲೋಬಿನ್ 7.8 ಇತ್ತು. ಮುಟ್ಟಿನ ಸ್ರಾವ ಹೆಚ್ಚಿದೆಯೇ, ಮೂಲವ್ಯಾಧಿಯಿಂದ ರಕ್ತ ಹೋಗುತ್ತಿದೆಯೇ, ಬರಿಗಾಲಲ್ಲಿ ಹೊಲಕ್ಕೆ ಹೋಗುವುದರಿಂದ ಕೊಕ್ಕೆಹುಳುವಿನ ಬಾಧೆಯಿದೆಯೇ ಎಂದೆಲ್ಲ ವಿಚಾರಿಸಿದೆ. ಹುಳುವಿನ ಔಷಧ ಕೊಟ್ಟದ್ದಾಯಿತು, ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಕಬ್ಬಿಣಾಂಶದ ಮಾತ್ರೆ ಕೊಡಿಸಿದ್ದಾಯಿತು. (ಆಯುರ್ವೇದದವರು ಅಲೋಪಥಿ ಮಾತ್ರೆ ಏಕೆ ಕೊಡಿಸಿದಿರಿ ಎಂದು ಕೇಳುವವರಿಗೆ ನನ್ನ ಉತ್ತರ, ಲೋಹಭಸ್ಮ, ಮಂಡೂರಗಳನ್ನು ಪಾಂಡುರೋಗಕ್ಕೆ ಬಳಸಿದ ಶಾಸ್ತ್ರಕ್ಕೆ ಕಬ್ಬಿಣ ಪರಕೀಯವಲ್ಲ.) ಅದರ ನಂತರ ಆಕೆಯ ಮಾವನವರನ್ನು ಬರಹೇಳಿದೆ. ಎಪ್ಪತ್ತು ದಾಟಿದ, ಮಠದ ಭಜನೆಗೆ ತಪ್ಪದೆ ಬರುವ ಸಾತ್ವಿಕರು. "ಗೌಡರೇ, ಈ ಮಾತ್ರೆ ತಿಂದರೆ ರಕ್ತ ಏರುತ್ತದೆ. ಬಿಟ್ಟೊಡನೆ ಇಳಿಯುತ್ತದೆ. ಇಳಿಯದಂತೆ ಮಾಡುವ ಔಷಧ ನನ್ನ ಕಪಾಟಿನಲ್ಲಿಲ್ಲ, ನಿಮ್ಮ ಮನೆಯಲ್ಲಿದೆ" ಎಂದೆ. ಸೊಸೆ ಯಾವಾಗ ಉಣ್ಣುತ್ತಾಳೆ ಎಂದು ಕೇಳಿದಾಗ ಅವರಿಗೆ ತಿಳಿದಿರಲಿಲ್ಲ. ತುಸು ಹೊತ್ತು ಸುಮ್ಮನಿದ್ದು, "ನಾ ಮಲಗಿರ್ತೀನ್ರಿ ಆವಾಗ" ಎಂದರು.

ವಿರೋಧ ಬಂದದ್ದು ಅತ್ತೆಯಿಂದ. "ನಾವೂ ಹಂಗ ಉಂಡು ಬಾಳೇ ಮಾಡೀವಿ, ನಮಗೇನಾಗೇತಿ?" ಎಂಬುದು ಆಕೆಯ ಪ್ರಶ್ನೆ. ಆಕೆಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕಾಗದದಷ್ಟು ಬಿಳುಪು. ಪರೀಕ್ಷೆಯಲ್ಲಿ 9 ಬಂತು. ಮಂಡಿ ನೋವು, ನಿಶ್ಶಕ್ತಿ, ನಿದ್ರೆಯಿಲ್ಲದಿರುವಿಕೆ ಎಂದು ಹತ್ತು ವರ್ಷಗಳಿಂದ ಅನುಭವಿಸುತ್ತಿದ್ದುದು ಮುಪ್ಪಿನ ಲಕ್ಷಣವೆಂದೇ ಆಕೆ ನಂಬಿದ್ದರು. ಸೊಸೆಯಂದಿರಿಗೆ ಕಟ್ಟಿದ ಸರದಿಯನ್ನು ಅತ್ತೆಯಂದಿರು ಬಿಗಿ ಹಿಡಿಯುತ್ತಾರೆ ಎಂದು ಆಡಿಕೊಳ್ಳುವುದು ಸುಲಭ. ಆಕೆಯೂ ಒಂದು ಕಾಲಕ್ಕೆ ಅದೇ ಸರದಿಯ ಕೊನೆಯಲ್ಲಿ ಕುಳಿತವಳು ಎಂಬುದನ್ನು ಮರೆಯಬಾರದು. ಐವತ್ತು ದಾಟಿದ, ಮುಟ್ಟು ನಿಂತ ಮಹಿಳೆಯಲ್ಲಿ ಅಥವಾ ಯಾವುದೇ ವಯಸ್ಸಿನ ಗಂಡಸಿನಲ್ಲಿ ರಕ್ತಹೀನತೆ ಕಂಡರೆ ಆಹಾರದ ಕೊರತೆಯೆಂದು ಸುಮ್ಮನಾಗುವಂತೆಯೂ ಇಲ್ಲ. ಜಠರದಲ್ಲೋ ಕರುಳಿನಲ್ಲೋ ರಕ್ತ ಸೋರುತ್ತಿದೆಯೇ ಎಂದು ದೊಡ್ಡ ಆಸ್ಪತ್ರೆಯಲ್ಲಿ ನೋಡಿಸಲೇಬೇಕು. ಈ ಅತ್ತೆಯನ್ನೂ ಕಳುಹಿಸಿದೆ. ಪುಣ್ಯಕ್ಕೆ ಅಂಥದೇನೂ ಇರಲಿಲ್ಲ.

ಮಾವನವರು ಮಾಡಿದ ಏರ್ಪಾಡು ಸರಳವಾಗಿತ್ತು. ರಾತ್ರಿ ಎಂಟಕ್ಕೆ ಟಿ.ವಿ. ಬಂದ್. ರೊಟ್ಟಿಬುಟ್ಟಿ, ಪಲ್ಯ, ಮೊಸರಿನ ಗಡಿಗೆ ನಡುಮನೆಯ ಮಧ್ಯದಲ್ಲಿ. ಸೊಸೆಯ ತಾಟು ಬಂದು ಅದಕ್ಕೂ ಬಡಿಸಿದ ಮೇಲೆಯೇ ತಾವು ಇಷ್ಟಲಿಂಗಕ್ಕೆ ಅರ್ಪಿಸಿ ತುತ್ತೆತ್ತುವುದು. ಮೊದಲ ವಾರ ಎಲ್ಲರಿಗೂ ಮುಜುಗರವಾಯಿತಂತೆ. ಮಾವನ ಎದುರು ಕುಳಿತು ಉಣ್ಣಲು ಸೊಸೆಗೆ ನಾಚಿಕೆ, ತುತ್ತು ಗಂಟಲಲ್ಲಿ ಇಳಿಯಲಿಲ್ಲವಂತೆ. ಬಿಸಿ ರೊಟ್ಟಿಯ ಹಟ ಮಾಡುವ ಮೈದುನನೊಬ್ಬ ಇದ್ದ. ಹಂಚಿನಿಂದ ನೇರ ತಾಟಿಗೆ ಬೀಳಬೇಕೆನ್ನುವವನಿಗೆ ರೊಟ್ಟಿ ಬಡಿಯುವವಳು ಎಂದಿಗೂ ಜೊತೆಗೆ ಕೂರಲಾರಳು. ತೊಯ್ಸಿ ಹಿಂಡಿದ ಅರಿವೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಮುಚ್ಚಿಟ್ಟರೆ ಜೋಳದ ರೊಟ್ಟಿ ಒಂದು ತಾಸು ಮೆತ್ತಗೇ ಇರುತ್ತದೆ. ಖಡಕ್ ರೊಟ್ಟಿಯಾದರಂತೂ ವಾರವಿಡೀ. ಹಟ ಮೂರು ದಿನದಲ್ಲಿ ಮುಗಿಯಿತು. ಮೂರು ತಿಂಗಳ ಮೇಲೆ ಸೊಸೆಯ ಹಿಮೋಗ್ಲೋಬಿನ್ 10.6ಕ್ಕೆ ಏರಿತ್ತು. ಎದೆಯುರಿಯ ಗುಳಿಗೆಯನ್ನು ಆಕೆ ಕೇಳಲಿಲ್ಲ.

ಸಕ್ಕರೆ ಕಾಯಿಲೆಯ ತಾಯಂದಿರಿಗೆ ಈ ಸರದಿ ಇನ್ನೂ ಅಪಾಯಕರ. ಕೆಲವು ವರ್ಷಗಳ ಹಿಂದೆ ಗೃಹಪ್ರವೇಶವೊಂದರಲ್ಲಿ ಮನೆಯ ಹಿರಿಯ ತಾಯಿ ಮಧ್ಯಾಹ್ನ ಮೂರರ ಹೊತ್ತಿಗೆ ಬಡಿಸುತ್ತಿದ್ದಲ್ಲೇ ಕುಸಿದರು. ದೃಷ್ಟಿ ತಾಗಿತು, ಬಿ.ಪಿ. ಏರಿತು ಎಂದು ಜನ ಒಂದೊಂದು ಹೇಳುತ್ತಿದ್ದರು. ಮೈಯೆಲ್ಲ ತಣ್ಣನೆಯ ಬೆವರು, ಕೈ ನಡುಕ, ಮಾತು ತೊದಲು. ಬೆಳಿಗ್ಗೆ ಏಳಕ್ಕೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನಿಷ್ಠೆಯಿಂದ ನುಂಗಿದ್ದರು, ಬಂದವರದೆಲ್ಲ ಆಗಲಿ ಎಂದು ಒಂದು ಹಿಡಿ ಅವಲಕ್ಕಿಯನ್ನೂ ತಿಂದಿರಲಿಲ್ಲ. ರಕ್ತದ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಎಚ್ಚರವಿದ್ದುದರಿಂದ ಮೂರು ಚಮಚ ಸಕ್ಕರೆ ಕರಗಿಸಿದ ನೀರು ಕುಡಿಸಿದೆವು, ಹದಿನೈದು ನಿಮಿಷದಲ್ಲಿ ಚೇತರಿಸಿಕೊಂಡರು, ಮೇಲೆ ಊಟ ಮಾಡಿಸಿದೆವು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕುವಂತಿಲ್ಲ, ನೇರವಾಗಿ ಆಸ್ಪತ್ರೆಗೇ ಒಯ್ಯಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವ ತಾಯಿ ಮನೆಯಲ್ಲಿದ್ದರೆ, ಮದುವೆಯಿರಲಿ, ಅಯ್ಯಾಚಾರವಿರಲಿ, ಮೊದಲ ಪಂಕ್ತಿಯಲ್ಲಿ ಆಕೆಯನ್ನು ಕೂರಿಸಿ. ಬೀಗರು ಏನೆಂದುಕೊಂಡಾರು ಎಂಬ ಅಳುಕು ಬೇಡ.

ಉಪವಾಸದ ಬಗೆಗೂ ಎರಡು ಮಾತು. ಸೋಮವಾರ ಒಂದು, ಗುರುವಾರ ಒಂದು, ಶುಕ್ರವಾರ ಇನ್ನೊಂದು ಎಂದು ವಾರದಲ್ಲಿ ಮೂರು ದಿನ ಚಹಾ ಮತ್ತು ಸಾಬೂದಾಣಿಯ ಮೇಲೆ ಇರುವ ತಾಯಂದಿರು ನನ್ನ ರೋಗಿಗಳಲ್ಲಿ ಸಾಕಷ್ಟಿದ್ದಾರೆ. ಲಂಘನ ಒಳ್ಳೆಯ ಚಿಕಿತ್ಸೆಯೇ. ಮೈಯಲ್ಲಿ ಮೇದಸ್ಸು ಸೇರಿದವರಿಗೆ, ಅಜೀರ್ಣವಾದವರಿಗೆ ಅದು ಹೇಳಿದ್ದು. ಕೃಶರಿಗೆ, ಗರ್ಭಿಣಿಯರಿಗೆ, ಪಾಂಡುರೋಗಿಗಳಿಗೆ ಬೇಕಾದದ್ದು ಬೃಂಹಣ, ಅಂದರೆ ಪುಷ್ಟಿ. ನನ್ನ ಅನುಭವದಲ್ಲಿ ಉಪವಾಸದ ಅಗತ್ಯವಿರುವ ಗಂಡಸರು ಅದನ್ನು ಮಾಡುವುದಿಲ್ಲ, ಅಗತ್ಯವಿಲ್ಲದ ಹೆಂಗಸರು ಬಿಡುವುದಿಲ್ಲ.

ಆಹಾರದಲ್ಲಿ ಏನು ಮಾಡಬಹುದೆಂದರೆ, ಹೊಸದಾಗಿ ತರಬೇಕಾದದ್ದು ಬಹಳವಿಲ್ಲ. ಸಜ್ಜೆಯಲ್ಲಿ ಜೋಳಕ್ಕಿಂತ ಹೆಚ್ಚು ಕಬ್ಬಿಣಾಂಶವಿದೆ, ಚಳಿಗಾಲದಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಒಂದು ಹಬ್ಬಕ್ಕೆ ಮಾತ್ರ ಏಕೆ ಸೀಮಿತವಾಗಬೇಕು? ಗುರೆಳ್ಳು ಹಿಂಡಿ, ಅಗಸೆ ಹಿಂಡಿ ಊಟದಲ್ಲಿರಲಿ. ಮಡಿಕೆ, ಹೆಸರು, ಹುರುಳಿಗಳನ್ನು ಮೊಳಕೆ ಬರಿಸಿ ಪಲ್ಯ ಮಾಡಿದರೆ ಅವುಗಳ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಮೆಂತ್ಯ, ರಾಜಗಿರಿ, ಕಿರಕಸಾಲಿ, ನುಗ್ಗೆಯ ಸೊಪ್ಪುಗಳೂ ಸರಿ. ಊಟದ ಜೊತೆ ನಿಂಬೆಹಣ್ಣಿನ ಹೋಳು, ನೆಲ್ಲಿಕಾಯಿ ಅಥವಾ ಪೇರಲಹಣ್ಣು ಇದ್ದರೆ ಇನ್ನೂ ಒಳಿತು. ಕಬ್ಬಿಣದ ಬಾಣಲೆಯನ್ನು ಅಟ್ಟಕ್ಕೆ ಹಾಕಿ ನಾನ್‌ಸ್ಟಿಕ್ ತಂದವರು ಹಳೆಯದನ್ನು ಇಳಿಸಿಕೊಳ್ಳಬಹುದು. ಬೀಟ್‌ರೂಟ್ ಮತ್ತು ದಾಳಿಂಬೆ ಕೆಂಪಗಿವೆಯೆಂದು ರಕ್ತವಾಗುತ್ತವೆ ಎಂಬ ನಂಬಿಕೆಗೆ ಹೆಚ್ಚಿನ ಆಧಾರವಿಲ್ಲ. ಅವು ಹಣ್ಣು ತರಕಾರಿಗಳಾಗಿ ಒಳ್ಳೆಯವು, ಅಷ್ಟೇ. ಬೆಲ್ಲದಲ್ಲಿ ತುಸು ಕಬ್ಬಿಣಾಂಶವಿದ್ದರೂ ಏಳಕ್ಕೆ ಇಳಿದ ರಕ್ತವನ್ನು ಅದು ಎತ್ತಲಾರದು.

ಚಹಾ ಬಿಡಿ ಎಂದರೆ ಯಾರೂ ಕೇಳುವುದಿಲ್ಲವೆಂದು ನಾನು ಬಲ್ಲೆ, ಆದ್ದರಿಂದ ಬಿಡಿ ಎನ್ನುವುದಿಲ್ಲ. ಊಟಕ್ಕೆ ಒಂದು ತಾಸು ಮೊದಲು, ಒಂದು ತಾಸು ನಂತರ ಬೇಡ. ಚಹಾದ ಒಗರು ಕಬ್ಬಿಣಾಂಶವನ್ನು ಕಟ್ಟಿಹಾಕುತ್ತದೆ. ನಸುಕಿನ ಎರಡನೆಯ ಚಹಾದ ಬದಲು ಅರ್ಧ ರೊಟ್ಟಿ ಮೊಸರಿನೊಡನೆ, ಇಲ್ಲವೇ ಒಂದು ಬಟ್ಟಲು ಅಂಬಲಿ. ಸಂಜೆ ನಾಲ್ಕಕ್ಕೆ ಒಂದು ಹಿಡಿ ಹುರಿದ ಕಡಲೆ ಅಥವಾ ಶೇಂಗಾ. ಹತ್ತು ತಾಸಿನ ಬಿಡುವು ಅಲ್ಲಿಗೆ ಮುರಿಯುತ್ತದೆ.

ಹಿಮೋಗ್ಲೋಬಿನ್ ಪರೀಕ್ಷೆಯೂ ಕಬ್ಬಿಣಾಂಶದ ಮಾತ್ರೆಯೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಮನೆಯ ಹೆಣ್ಣುಮಕ್ಕಳನ್ನೆಲ್ಲ, ಶಾಲೆಗೆ ಹೋಗುವ ಹುಡುಗಿಯರನ್ನೂ ಸೇರಿಸಿ, ಒಮ್ಮೆ ಪರೀಕ್ಷಿಸಿ ತನ್ನಿ. ಲೋಹಾಸವ, ಮಂಡೂರಗಳನ್ನು ಅಂಗಡಿಯಲ್ಲಿ ಕೇಳಿ ತಂದು ಮಾತ್ರೆಯ ಜೊತೆ ಸ್ವಂತ ಬುದ್ಧಿಯಿಂದ ಸೇರಿಸಬೇಡಿ, ಯಾವುದಾದರೂ ಒಂದನ್ನು ವೈದ್ಯರ ಮಾತಿನಂತೆ ತೆಗೆದುಕೊಳ್ಳಿ. ಮಾತ್ರೆ ಶುರುವಾದ ಮೇಲೆ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಿ ನಿಲ್ಲಿಸಬಾರದು. ಹೊಟ್ಟೆ ತೊಳಸಿದಂತಾದರೆ ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳಬಹುದು. ರಕ್ತ ಸರಿಯಾಯಿತೆಂದು ಕಂಡ ಮೇಲೂ ಇನ್ನೂ ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ, ಏಕೆಂದರೆ ಮೈಯಲ್ಲಿಯ ಕಬ್ಬಿಣಾಂಶದ ದಾಸ್ತಾನು ತುಂಬುವುದು ಆಮೇಲೆಯೇ.